ಮಾಮ ಎನ್ನದ ಕೂಸು

ಬಟ್ಟೆ ಹೊಲಿಯುವ ಆ ಕಾರ್ಖಾನೆಯಲ್ಲಿ ಮ್ಯಾನೇಜರು ಯಾರೆಂದು ತಿಳಿಯದವರು ಇದ್ದಿರಬಹುದು, ಆಯಾ ಯಾರೆಂದು ತಿಳಿಯದವರು ಇರಲಿಲ್ಲ. ಬಟ್ಟೆ ಕತ್ತರಿಸುವ ವಿಭಾಗದ ಹಿಂದೆ ಒಂದು ಉದ್ದನೆಯ ಕೋಣೆ. ಅಲ್ಲಿ ಹೊಲಿಗೆಗೆ ಕೂತ ತಾಯಂದಿರ ಮಕ್ಕಳನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿಕೊಳ್ಳುವುದು ಅವಳ ಕೆಲಸ. ಗೋಡೆಯ ಆಚೆ ಮಷೀನುಗಳ ಗದ್ದಲ, ಈಚೆ ಮಕ್ಕಳ ರಂಪ. ಎರಡರ ನಡುವೆ ಅರ್ಧ ಆಯುಸ್ಸು ಕಳೆದವಳ ಗಂಟಲು ದೊಡ್ಡದು, ಕೈ ಅದಕ್ಕಿಂತ ಚುರುಕು.

ಮಗು ಅತ್ತರೇನೇ ತಾಯಿ ಹಾಲು ಕೊಡೋದು ಎಂಬ ಗಾದೆ ಕೇಳಿದರೆ ಆಯಾಳಿಗೆ ಮೈ ಉರಿಯುತ್ತಿತ್ತು. "ಅಳೋ ತನಕ ಕಾಯೋದಕ್ಕೆ ನಾನ್ಯಾಕೆ ಬೇಕು? ಗಡಿಯಾರ ಸಾಕು," ಎನ್ನುವಳು. ಮಗು ತುಟಿ ನೆಕ್ಕಿದರೆ ಲೋಟ ಬಾಯಿಗೆ ಬಂತು. ಕಣ್ಣು ಎಳೆದರೆ ಚಾಪೆ ಬಿಚ್ಚಿಕೊಂಡಿತು. ಚೆಂಡಿನ ಕಡೆ ಕತ್ತು ತಿರುಗಿದರೆ ಚೆಂಡೇ ಮಡಿಲಿಗೆ ಉರುಳಿತು. ಯಾವ ಮಗುವೂ ತನ್ನನ್ನು ಕೇಳಿ ಪಡೆಯಬೇಕಾಗಿಲ್ಲ ಎಂಬುದೇ ಅವಳ ಜಂಬ, ಆ ಜಂಬ ಸುಳ್ಳೂ ಆಗಿರಲಿಲ್ಲ.

ಕಾರ್ಖಾನೆಗೆ ಎಲ್ಲೆಲ್ಲಿಂದಲೋ, ಪರದೇಶಗಳಿಂದಲೂ ಹೆಂಗಸರು ಬರುತ್ತಿದ್ದರು. ಹತ್ತು ನಾಲಿಗೆ, ಹತ್ತು ಭಾಷೆ. ಆದರೆ ಕೂಸುಗಳದ್ದು ಒಂದೇ ಶುರು: "ಮಾಮ, ಮಾಮ." ಜಗಳ ಅಲ್ಲಿಂದಲೇ. ಸ್ಪ್ಯಾನಿಷ್ ಮಾತಾಡುವ ಗುಂಡಿ ಹಚ್ಚುವವಳು, ನನ್ನನ್ನೇ ಕರೆದದ್ದು, ನಮ್ಮಲ್ಲಿ ಹಾಗೆಂದರೆ ಅಮ್ಮ, ಎಂದು ಕುಣಿದಳು. ಜಾರ್ಜಿಯನ್ ಮಾತಾಡುವ ಇಸ್ತ್ರಿಯವಳು ಮಾತ್ರ ಹಣೆ ಚಚ್ಚಿಕೊಂಡಳು. ಅವರ ಭಾಷೆಯಲ್ಲಿ ಮಾಮ ಎಂದರೆ ಅಪ್ಪ. "ಹೊತ್ತವಳು ನಾನು, ಹೆತ್ತವಳು ನಾನು, ಕರೆಯೋದು ಅವರನ್ನ!" ಟರ್ಕಿಶ್ ಮಾತಾಡುವವಳು ಅಪ್ಪ ಅಮ್ಮ ಇಬ್ಬರನ್ನೂ ತಳ್ಳಿಹಾಕಿ ಗಂಜಿ ಬಟ್ಟಲು ತಂದಳು, ಅವರಿಗೆ ಅದು ಕೂಸಿನ ಊಟದ ಹೆಸರು. ಆಯಾಳ ತಮ್ಮನಂತೂ ಒಮ್ಮೆ ಬಾಗಿಲಲ್ಲೇ ನಿಂತು, "ಅಷ್ಟೂ ಮಕ್ಕಳಿಗೆ ನಾನೊಬ್ಬನೇ ಸೋದರಮಾಮ ಕಣಕ್ಕಾ," ಎಂದು ಎದೆ ಉಬ್ಬಿಸಿದ್ದ. ಚಂದಿರನನ್ನೂ ಬಿಡದೆ ಮಾಮ ಮಾಡಿಕೊಂಡ ಜನ ನಾವು, ಅವನದೇನು ತಪ್ಪು? ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆಗಳಲ್ಲಿ ಒಂದೇ ಸದ್ದು, ಒಬ್ಬೊಬ್ಬರಿಗೆ ಒಂದೊಂದು ಅರ್ಥ.

ಎಲ್ಲ ಮಕ್ಕಳ ಬಾಯಲ್ಲೂ ಬಂದ ಆ ಸದ್ದು ಒಂದು ಮಗುವಿನ ಬಾಯಲ್ಲಿ ಮಾತ್ರ ಬರಲಿಲ್ಲ. ಅದು ಆಯಾಳ ಸ್ವಂತ ಮೊಮ್ಮಗಳು.

ಮಗಳು ಅದೇ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಕೂಸಿಗೆ ಎರಡು ತುಂಬುತ್ತ ಬಂದರೂ ಬಾಯಿಂದ ಒಂದು ಮಾತಿಲ್ಲ. ನಗುತ್ತಿತ್ತು, ಓಡುತ್ತಿತ್ತು, ಬೇಕಾದ್ದನ್ನು ದುರುಗುಟ್ಟಿ ನೋಡುತ್ತಿತ್ತು, ಅಷ್ಟೆ. ಆಯಾ ಹಿಂದಿನಿಂದ ಡಬ್ಬಿ ಮುಚ್ಚಳ ಬಡಿದು ನೋಡಿದಳು. ಒಮ್ಮೆ ತಿರುಗಿತು, ಇನ್ನೊಮ್ಮೆ ಕ್ಯಾರೇ ಅನ್ನಲಿಲ್ಲ. ಆ ಇನ್ನೊಂದು ಸಲವೇ ಅವಳ ಎದೆಯಲ್ಲಿ ಕೂತುಬಿಟ್ಟಿತು.

"ಅಮ್ಮಾ, ಇವಳಿಗೆ ಕಿವಿ ಕೇಳ್ಸುತ್ತೆ ತಾನೆ?" ಎಂದಳು ಮಗಳು.

"ಬಿಡ್ತು ಅನ್ನು!"

"ಬಿಡ್ತು ಅಂದ್ರೆ ಆಯ್ತಾ? ಆ ಮಷೀನ್ ಗಲಾಟೆ ಪಕ್ಕ, ನಿನ್ನ ಹತ್ರ ಬಿಟ್ಟಿದ್ದೇ ನನ್ನ ತಪ್ಪು."

ಊರ ಮಕ್ಕಳನ್ನೆಲ್ಲ ಸಾಕಿದ ಹೆಂಗಸಿಗೆ ಹೊಟ್ಟೆಯಲ್ಲಿ ಹುಟ್ಟಿದವಳು ಹಾಗೆಂದರೆ ಹೇಗಾಗಬೇಡ? ಅದಕ್ಕಿಂತ ಮಿಗಿಲಾಗಿ, ಮಗಳು ಹೇಳಿದ್ದು ನಿಜವಾಗಿದ್ದರೆ ಎಂಬ ಭಯ.

ಮೂವರೂ ಆಸ್ಪತ್ರೆಗೆ ಹೋದರು. ಗೋಡೆಗೆಲ್ಲ ಮೆತ್ತೆ ಹೊದಿಸಿದ ಪುಟ್ಟ ಕೋಣೆ. ಕೂಸು ತಾಯಿಯ ತೊಡೆಯ ಮೇಲೆ, ಆಯಾ ಮೂಲೆಯ ಸ್ಟೂಲಿನ ಮೇಲೆ. ಡಾಕ್ಟರಮ್ಮ ಗಾಜಿನ ಆಚೆಯಿಂದ ಸದ್ದು ಬಿಟ್ಟರು. ಎಡಗಡೆ ಗಂಟೆ, ಕೂಸು ಎಡಕ್ಕೆ ತಿರುಗಿತು. ಬಲಗಡೆ ಸೀಟಿ, ಬಲಕ್ಕೆ. ಸದ್ದು ಸಣ್ಣದಾಗುತ್ತ ಹೋಯಿತು. ಕೊನೆಗೆ ಆಯಾಳಿಗೇ ಏನೂ ಕೇಳಲಿಲ್ಲ, ಅವಳ ಜೀವ ಬಾಯಿಗೆ ಬಂತು. ಕೂಸು ಮಾತ್ರ ತಟ್ಟನೆ ಕತ್ತು ತಿರುಗಿಸಿ, ಯಾರಪ್ಪಾ ಅದು ಎಂಬಂತೆ ಹುಡುಕಿತು.

"ಕಿವಿ ಚೆನ್ನಾಗಿದೆ," ಎಂದರು ಡಾಕ್ಟರಮ್ಮ ಹೊರಗೆ ಬಂದು. "ಅಜ್ಜಿಗಿಂತ ಚೆನ್ನಾಗಿದೆ."

ಮಗಳು ಕೂಸಿನ ತಲೆಗೆ ಮುಖ ಒತ್ತಿಕೊಂಡಳು. ಆಯಾ ಕೂತಲ್ಲಿಂದಲೇ ಡಾಕ್ಟರಮ್ಮನಿಗೆ ಕೈ ಮುಗಿದಳು.

ಆಮೇಲೆ ಡಾಕ್ಟರಮ್ಮ ಕೂಸಿನ ಜೊತೆ ನೆಲದ ಮೇಲೆ ಕೂತು ಒಂದು ಗೊಂಬೆ ಎತ್ತಿ ಹಿಡಿದರು. ಕೂಸು ಗೊಂಬೆ ನೋಡಿತು. ಆಯಾ ಎದ್ದು ಬಂದು ಅದನ್ನು ಇಸಿದುಕೊಂಡು ಕೂಸಿನ ಕೈಗಿಟ್ಟಳು. ಡಾಕ್ಟರಮ್ಮ ಬಿಸ್ಕತ್ತಿನ ಡಬ್ಬಿ ತೋರಿಸಿದರು. ಆಯಾ ಮುಚ್ಚಳ ತೆಗೆದುಕೊಟ್ಟಳು. ನೀರಿನ ಲೋಟಕ್ಕೂ ಅವಳ ಕೈ ಮುಂದೆ ಬಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. "ಅಜ್ಜಿ, ಪರೀಕ್ಷೆ ನಿಮಗಲ್ಲ, ಮಗೂಗೆ. ಅವಳು ಬಾಯಿ ತೆಗೆಯೋ ಅಷ್ಟರಲ್ಲಿ ನೀವು ಉತ್ತರ ಬರೆದುಬಿಡ್ತೀರಲ್ಲ!"

"ಎಲ್ಲಾ ಮಕ್ಕಳೂ ಮಾಮ ಅಂತಾವಲ್ಲ ತಾಯಿ, ಇವಳ್ಯಾಕೆ ಅನ್ಲಿಲ್ಲ?"

"ಮೊದಲಿಗೆ ಅದು ಮಾತಲ್ಲ, ತುಟಿ ಮುಚ್ಚಿ ತೆಗೆದ್ರೆ ಬರೋ ಸದ್ದು. ಅಪ್ಪ, ಅಮ್ಮ, ಊಟ ಅಂತ ಅರ್ಥ ಅಂಟಿಸೋರು ಹತ್ತಿರ ಇರೋ ದೊಡ್ಡೋರು. ಅದೊಂದಕ್ಕೇ ಕಾಯ್ಬೇಡಿ. ಹೇಳಿದ್ದೆಲ್ಲ ಇವಳಿಗೆ ಅರ್ಥ ಆಗ್ತಿದೆ. ಕೆಲವು ಮಕ್ಕಳು ತಡ. ನೀವು ಸ್ವಲ್ಪ ಕೈ ಕಟ್ಟಿ ಕೂತ್ಕೊಳ್ಳಿ, ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ."

ಕೈ ಕಟ್ಟಿ ಕೂರುವುದು! ಬೆಟ್ಟ ಅಗೆ ಎಂದಿದ್ದರೆ ಆಯಾ ಅಗೆಯುತ್ತಿದ್ದಳು. ಕೂಸು ಲೋಟ ನೋಡಿದಾಗ ಅವಳು ಕಿಟಕಿ ನೋಡುತ್ತ ಸೆರಗು ಹಿಂಡಿದಳು. ಕೂಸು ಕೈ ಚಾಚಿತು, ಕಾಲು ಬಡಿಯಿತು, ಊಂ ಊಂ ಎಂದು ರಾಗ ಎಳೆಯಿತು. ಮನೆಯಲ್ಲಿ ಮಗಳು, "ಆ ಡಾಕ್ಟರು ಸುಮ್ನೆ ಸಮಾಧಾನಕ್ಕೆ ಹೇಳಿದ್ರೇನೋ," ಎಂದು ಮತ್ತೆ ಸೊರಗತೊಡಗಿದಳು. ವಾರಗಳು ಹೋದವು.

ಒಂದು ಮಧ್ಯಾಹ್ನ ಊಟದ ಬಿಡುವಿಗೆ ಮಗಳು ಕೋಣೆಗೆ ಬಂದು ಚಪ್ಪಲಿ ಬಿಡುತ್ತಿದ್ದಳು. ಕೂಸಿನ ಮೂಗು ಸುರಿಯುತ್ತಿತ್ತು. ಆಯಾ ಎಲ್ಲ ಉಪದೇಶ ಮರೆತು, ಸೆರಗಿನ ತುದಿಯಿಂದ ಗಸಗಸ ಒರೆಸಿಬಿಟ್ಟಳು. ಕೂಸು ಅವಳ ಕೈಯನ್ನು ಎರಡೂ ಕೈಯಿಂದ ತಳ್ಳಿತು, ಮುಖ ಸಿಂಡರಿಸಿತು.

"ಬೇಡ!"

ಕೋಣೆಯಲ್ಲಿ ಅಷ್ಟು ಮಕ್ಕಳಿದ್ದವು, ಯಾರ ದನಿಯೆಂದು ಮಗಳಿಗೆ ನಂಬಿಕೆ ಬರಲಿಲ್ಲ. "ಯಾರಮ್ಮಾ ಅಂದಿದ್ದು? ಇವಳಾ?"

"ಇವಳೇ ಕಣೆ! ನನಗೇ ಬೇಡ ಅಂದ್ಲು ಕಣೆ, ಮುಖಕ್ಕೆ ಹೊಡೆದ ಹಾಗೆ!" ಆಯಾಳ ಕಣ್ಣಲ್ಲಿ ದಳದಳ ನೀರು, ಬಾಯಲ್ಲಿ ನಗು. ಇಷ್ಟು ವರ್ಷದಲ್ಲಿ ಬೇಡ ಎನ್ನಿಸಿಕೊಂಡು ಅವಳು ಇಷ್ಟು ಸಂತೋಷಪಟ್ಟದ್ದೇ ಇಲ್ಲ.

ಮಗಳು ಒಂದು ಕಾಲಿನ ಚಪ್ಪಲಿಯಲ್ಲೇ ಓಡಿಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಅಮ್ಮನ ಭುಜ ಬಿಗಿಯಾಗಿ ಹಿಡಿದುಕೊಂಡಳು.

"ಇನ್ನೊಂದ್ಸಲ ಒರೆಸಮ್ಮಾ," ಎಂದಳು.