ಪಿನೋ ನುವಾರ್ ಮೂಸುತ್ತಿದ್ದ ನೆರೆಮನೆಯವರು

ಸಂಜೆ ಏಳೂಕಾಲಿಗೆ ನನ್ನ ಮೂಗಿಗೆ ಗ್ಯಾಸ್ ವಾಸನೆ ಬಡಿಯಿತು. ಹಿಂದೆ ಪ್ರವಾಸಿ ಹಡಗಿನಲ್ಲಿ ವೈನ್ ಬಡಿಸುತ್ತಿದ್ದ ಕಡಬದ ನಮ್ಮ ನೆರೆಮನೆಯವರು ನನ್ನನ್ನು ತಮ್ಮ ಮನೆಯೊಳಗೆ ಕೂರಿಸಿ, ಎರಡು ದೇಶಗಳ ಪಿನೋ ನುವಾರ್ ಎಂಬ ಕೆಂಪು ವೈನ್ ಸುರಿದಿಟ್ಟಿದ್ದರು.

"ಮೊದಲು ಮೂಗು, ಮತ್ತೆ ಬಾಯಿ," ಎಂದು ಎಂದಿನಂತೆ ಗ್ಲಾಸ್ ತಿರುಗಿಸಿದರು. "ನ್ಯೂಜಿಲೆಂಡಿನದ್ದು ಪುನರ್ಪುಳಿ ಹಣ್ಣಿನ ಹಾಗೆ. ಫ್ರಾನ್ಸಿನದ್ದರಲ್ಲಿ ಒದ್ದೆ ತರಗೆಲೆಯ ಪರಿಮಳ ಉಂಟು."

"ಗ್ಯಾಸ್ ವಾಸನೆ ಬರುದಲ್ವಾ?" ಎಂದೆ.

"ನಿಮ್ಮ ಮೂಗಿಗೆ ಎಂತ ಗೊತ್ತುಂಟು ಮಾರಾಯ್ರೆ!"

ನಾಚಿ ನಾನೂ ಗ್ಲಾಸ್ ಮೂಸಿದೆ. ವೈನಿನ ಬಣ್ಣ ನೋಡಲು ಮೇಣದಬತ್ತಿ ಹಚ್ಚುವುದು ಅವರ ಕ್ರಮ. ಇನ್ನೇನು ಕಡ್ಡಿ ಗೀರಬೇಕು, ಅಂಗಳದಿಂದ ಬಂದ ಅವರ ಹೆಂಡತಿ ಬೆಂಕಿಪೆಟ್ಟಿಗೆ ಕಿತ್ತುಕೊಂಡು, ಓಡಿಹೋಗಿ ಸಿಲಿಂಡರ್ ಬಂದ್ ಮಾಡಿದರು.

"ಕೊರೋನಾ ಬಂದ ಮೇಲೆ ಇವರಿಗೆ ವಾಸನೆ ಗೊತ್ತಾಗುದೇ ಇಲ್ಲ. ಹೇಳ್ಲಿಕ್ಕೆ ನಾಚಿಕೆ!"

ಅವರು ತಲೆ ತಗ್ಗಿಸಿದರು, ನಾನೂ.

ಆಮೇಲೆ ದಿನಾ ರಾತ್ರಿ ಕಡ್ಡಿ ಗೀರಿದ ಸದ್ದು ಕೇಳಿದಂತಾಗಿ ನನಗೆ ಎಚ್ಚರವಾಗುತ್ತಿತ್ತು. ಒಂದು ದಿನ ಅವರು ಬೇಲಿಯಾಚೆಯಿಂದ ಗ್ಲಾಸ್ ಚಾಚಿದರು. "ನೀವೇ ಮೂಸಿ ಹೇಳಿ. ನನಗೆ ಗೊತ್ತಾಗುದಿಲ್ಲ."

ಅಂದು ನನಗೆ ಬೆಳಗಿನವರೆಗೆ ನಿದ್ದೆ ಬಂತು.