ಎರಿಭೂತದ ಬೋರ್ಡು

ಕುರ್ತಕೋಟಿ ಕಡೆ ನಮ್ಮ ಕಡ್ಲಿ ಹೊಲದ ಬಾಜೂಕ ಮೂರೆಕರೆ ಹುಲ್ಲಗಾವಲ ಐತಿ. ಅದನ್ನ ಉಳದ ಬಿಟ್ಟಿದ್ದಕ್ಕ ಊರ ಮಂದಿ ನನ್ನ ಮೈಗಳ್ಳ ಅಂತಿದ್ರು. ಒಂದಿನ ಹಕ್ಕಿ ಉಳಸೋ ಮಂದಿ ಬಂದು, "ಒತ್ತಾಯ ಏನಿಲ್ರಿ. ಮನಸಿದ್ರ ಸಹಿ ಮಾಡ್ರಿ. ಮೂರು ವರ್ಷ ಇದನ್ನ ಉಳಬ್ಯಾಡ್ರಿ, ಸುಡಬ್ಯಾಡ್ರಿ. ಬ್ಯಾಡ ಅನಿಸಿದ ದಿನ ಬಿಟ್ಟುಬಿಡ್ರಿ" ಅಂದ್ರು. ಮೈಗಳ್ಳತನಕ್ಕ ಕಾಗದದ ಮರ್ಯಾದಿ ಸಿಗತೈತಿ ಅಂದ್ರ ಯಾರು ಬಿಡ್ತಾರ?

ಖರೆ ಕಾರಣ ಬ್ಯಾರೆ ಇತ್ತು. ನಮ್ಮಪ್ಪ ಸಣ್ಣಾಂವಿದ್ದಾಗ ಇದೇ ಹುಲ್ಲಾಗ ಎರಿಭೂತ ನೋಡಿದ್ದ. ಭೂತ ಅಲ್ಲ, ಹಕ್ಕಿ. ಬಿಳೀ ಕುತ್ತಿಗಿ, ಆಳಿನ ಎದಿಮಟ ಎತ್ತರ, ಎರಿ ಹೊಲದಾಗ ಗೌಡ್ರಂಗ ನಡೀತಿತ್ತಂತ. ಸಾಯೂತನಕ ಅದನ್ನೇ ಹೇಳಿದ. ಒಮ್ಮೆರ ನಾನೂ ನೋಡಬೇಕು ಅನ್ನೋದು ನನಗ ಹುಚ್ಚಾಗಿ ಹಿಡದಿತ್ತು.

ಸಹಿ ಆದಮ್ಯಾಲೆ ಆ ಜಾಗಕ್ಕ ಬೋರ್ಡ್ ಬರಸೋ ಕೆಲಸ ನನಗ ಬಂತು. ಹಕ್ಕಿ ಚಿತ್ರ ತಗಿಯಾಕ ಗದಗಿನ ಪೇಂಟರ್ ನಾಕು ದಿನ ಕೇಳಿದ. ತಾಳ್ಮಿ ನನ್ನ ಹತ್ರ ಹುಟ್ಟಾ ಇಲ್ಲ. "ಚಿತ್ರ ಬ್ಯಾಡಪಾ, ಅಕ್ಷರ ಸಾಕು" ಅಂದೆ. 'ಇಲ್ಲಿ ಎರೆಭೂತ ವಾಸವಾಗಿದೆ. ಗದ್ದಲ ಮಾಡಬೇಡಿ' ಅಂತ ಕೆಂಪು ಅಕ್ಷರದಾಗ ಬರಸಿ ದಾರೀಗೆ ನಿಲ್ಲಿಸಿದೆ.

ಎರಡು ವರ್ಷ ಹಕ್ಕಿ ಬರಲಿಲ್ಲ. ಮೂರನೇ ವರ್ಷ ಕಡ್ಲಿ ಕೀಳಾಕ ಹೆಣ್ಣಾಳೂ ಬರಲಿಲ್ಲ. ಆ ವರ್ಷ ಕರದಿದ್ದು ಹೊಸಾ ಗುಂಪು. ಹಕ್ಕಿ ಹೆಸರು ಅವರು ಕೇಳಿದ್ದಿಲ್ಲ. ಬೋರ್ಡ್ ಓದಿದಾಗ ತಿಳದಿದ್ದು ಭೂತ ಅಷ್ಟೇ. ಕಾಯಿ ಒಣಗಿ ಸಿಡಿಯಾಕ ಬಂದಿದ್ವು. "ಆ ಕಾಗದ ಹರದು ಒಗೀರಿ, ಹುಲ್ಲಿಗೆ ನೇಗಿಲ ಹೊಡಸಿಬಿಡ್ರಿ. ಭೂತ ಬೇಕೋ ಕಡ್ಲಿ ಬೇಕೋ?" ಅಂತ ನನ್ನ ಹೆಂಡ್ತಿ ಗಂಟುಬಿದ್ಲು.

ಆ ಗುಂಪಿನ ಹಿರೇಮನಿಶಿ ಒಬ್ಬಾಕಿ, ಅಕೀನ್ನ ಎಲ್ಲಾರೂ ಚಾಚಿ ಅಂತಿದ್ರು. ಅಕೀ ಮನೀಗೆ ಹೋಗಿ, "ಅದು ಹಕ್ಕಿ ಚಾಚಿ, ನಿಮಗ ಬುದ್ಧಿ ಐತೋ ಇಲ್ಲೋ?" ಅಂತ ಹರಿಹಾಯ್ದೆ.

"ಭೂತ ಅಂತ ಬರಸಿದಾಂವ ನೀನು. ಬುದ್ಧಿ ನನಗ ಕೇಳ್ತಿ?" ಅಂದ್ಲು. "ಅಷ್ಟು ಧೈರ್ಯ ಇದ್ರ ನಾಳೆ ಮುಂಜಾನೆ ನೀ ಮುಂದ ನಡಿ ತಮ್ಮಾ. ನಾವು ಹಿಂದ ಬರ್ತೀವಿ."

ಮರುದಿನ ನಾ ಎದಿ ಉಬ್ಬಿಸಿ ಹುಲ್ಲಾಗ ಹಾದು ಕಡ್ಲಿ ಹೊಲದ ಕಡೆ ಮುಂದ ನಡದೆ. ಹಿಂದ ಹನ್ನೊಂದು ಹೆಂಗಸ್ರು. ನಡುವ ಬಂದಿದ್ವಿ, ಮಗ್ಗಲದಾಗ ಏನೋ ಧಡಲ್ ಅಂತ ಎದ್ದಿತು. ಮುಂದಿಂದು ನನಗ ಗೊತ್ತಿಲ್ಲ. ಒಂದು ಚಪ್ಪಲಿ ಅಲ್ಲೇ ಬಿಟ್ಟು, ಹೆಂಗಸರನ್ನ ದಾಟಿ, ಬೋರ್ಡ್ ತನಕ ಓಡಿದ್ದೆ.

ತಿರುಗಿ ನೋಡಿದ್ರ ಅವರೆಲ್ಲ ಮುಗಲಕಡೆ ಮಾರಿ ಮಾಡಿ ಪಿಳಿಪಿಳಿ ಕಣ್ಣು ಬಿಟ್ಕೊಂಡು ನಿಂತಾರ. "ಹಕ್ಕೀನಪಾ," ಅಂದ್ಲು ಚಾಚಿ. "ಆಡಿನ ಮರಿಯಷ್ಟು ಐತಿ. ಬಿಳೀ ಕುತ್ತಿಗಿ. ಕಪ್ಪತಗುಡ್ಡದ ಕಡೆ ಹೋತು."

ನನಗ ಖರೇನ ಅಳು ಬಂತು. ಅವತ್ತು ಅವರು ಒಂದು ಮಾತಾಡದ ಕಡ್ಲಿ ಕಿತ್ರು, ಹಕ್ಕಿ ತಿರುಗಿ ಬಂದ್ರ ಬರ್ಲಿ ಅಂತ. ಬರಲಿಲ್ಲ.

ಖಬರ ತಿಳಿದು ಹಕ್ಕಿ ಉಳಸೋ ಮಂದಿ ಬಂದ್ರು. ಹನ್ನೊಂದೂ ಹೆಂಗಸರ ಹೇಳಿಕಿ ಬರಕೊಂಡು, "ಮಾಲಕ್ರು ನೋಡ್ಯಾರೇನು?" ಅಂತ ಕೇಳಿದ್ರು.

"ಹಕ್ಕಿ ಇವನ್ನ ನೋಡೇತಿ. ಬೆನ್ನಕಡಿಂದ. ಹಂಗ ಬರಕೊಳ್ರಿ," ಅಂದ್ಲು ಚಾಚಿ.

ನಾ ಪೆನ್ನು ಇಸಕೊಂಡು ಮತ್ತ ಮೂರು ವರ್ಷಕ್ಕ ಸಹಿ ಮಾಡಿದೆ.