ಟೈಲರಕ್ಕನ ಬೆಂಚು

ನಮ್ಮ ಬೀದಿಯ ಟೈಲರಕ್ಕನಿಗೆ ಐವತ್ತಾದರೂ ಬೀಳುವ ಕನಸು ಒಂದೇ. ಆರು ವರ್ಷದ ತಾನು ಯಾವುದೋ ಬೆಂಚಿನ ಮೇಲೆ ಕೂತಿರುತ್ತಾಳೆ. "ಇಲ್ಲೇ ಇರು, ಈಗ ಬಂದೆ" ಎಂದು ಹೋದ ಅಮ್ಮ ಬರುವುದಿಲ್ಲ. ನಿಜದಲ್ಲೂ ಅಮ್ಮ ಬರಲಿಲ್ಲ. ಸಾಕಿದವಳು ಚಿಕ್ಕಮ್ಮ.

ಅದಕ್ಕೋ ಏನೋ, ಅಕ್ಕ ಯಾರಿಗೂ ಕಾಯುವುದಿಲ್ಲ. ಹೇಳಿದ ದಿನಕ್ಕೆ ಮೊದಲೇ ಹೊಲಿದು, ತಾನೇ ಮನೆಮನೆಗೆ ಮುಟ್ಟಿಸಿ ಬರುತ್ತಾಳೆ. ಅಂಗಡಿ ಮುಂದಿನ ಬೆಂಚಿನ ಮೇಲೆ ಗಿರಾಕಿ ಕೂತದ್ದೇ ಇಲ್ಲ.

"ನೀವು ಚಪ್ಪಲಿ ಸವೆಸೋದ್ರಿಂದಲೇ ನನ್ನ ಅಂಗಡಿ ನಡೀತಿದೆ ಅಕ್ಕಾ" ಎನ್ನುತ್ತಾನೆ ಪಕ್ಕದ ಚಪ್ಪಲಿ ಅಂಗಡಿಯವನು.

ಹೊಸ ಗಿರಾಕಿ, ಶಾಲೆಯ ಟೀಚರು, ಮಾತ್ರ ಹಟ ಹಿಡಿದಿದ್ದರು. "ಶುಕ್ರವಾರ ಐದಕ್ಕೆ ನಾನೇ ಬರ್ತೀನಿ. ನಿಮ್ಮ ಜೊತೆ ಸ್ವಲ್ಪ ಹೊತ್ತು ಕೂತು ಮಾತಾಡ್ಬೇಕು."

ಶುಕ್ರವಾರ ಅಕ್ಕ ಕಾಯಲು ನೋಡಿದಳು. ನಾಲ್ಕೂವರೆಯಾದಾಗ ಇನ್ನು ಕೂರಲಾಗಲಿಲ್ಲ. ಅಂಗಡಿಗೆ ಬೀಗ ಹಾಕಿ, ಬಟ್ಟೆಯ ಪೊಟ್ಟಣ ಹಿಡಿದು ಟೀಚರ ಮನೆಗೆ ನಡೆದಳು. ಅಲ್ಲೂ ಬೀಗ.

ಮರಳಿದಾಗ ಟೀಚರು ಬೆಂಚಿನ ಮೇಲಿದ್ದರು. "ಬರ್ತೀನಿ ಅಂದಿದ್ನಲ್ಲ, ಎಲ್ಲಿ ಹೋಗ್ಬಿಟ್ರಿ? ಶಾಲೆಯಿಂದ ನೇರ ಇಲ್ಲಿಗೇ ಬಂದು ಅರ್ಧ ಗಂಟೆಯಿಂದ ಕಾಯ್ತಿದೀನಿ."

ತಾನೂ ಒಬ್ಬರನ್ನು ಕಾಯಿಸಬಲ್ಲೆ ಎಂದು ಅಕ್ಕನಿಗೆ ಎಂದೂ ಹೊಳೆದಿರಲಿಲ್ಲ. ಬೀಗ ತೆಗೆಯಲು ಹೋಗದೆ, ಬೆಂಚಿನ ಇನ್ನೊಂದು ತುದಿಯಲ್ಲಿ ಮೆಲ್ಲಗೆ ಕೂತಳು.